ಮಿಂಚುಳ್ಳಿ ಒಂದು, ಬೆಳ್ಗಣ್ಣ ನಾಲ್ಕು

2024ರ ನವೆಂಬರ್ 30, ಶನಿವಾರ. ಮಧ್ಯಾಹ್ನದ ಹೊತ್ತಿಗೆ ನಾನು ತಕಾವೊ ಬೆಟ್ಟದ ತುದಿಯಲ್ಲಿದ್ದೆ. ಎತ್ತರ 599 ಮೀಟರ್. ಟೋಕಿಯೋ ಕಡೆಯವರಿಗೆ ಇದೇನು ದೊಡ್ಡ ಬೆಟ್ಟ ಅಲ್ಲ. ಶಿಶುವಿಹಾರದ ಮಕ್ಕಳು ಬಣ್ಣದ ಟೋಪಿ ಹಾಕಿಕೊಂಡು ಸಾಲಾಗಿ ಹತ್ತುತ್ತಾರೆ. ನನಗೆ ಅಲ್ಲಿಗೆ ತಲುಪಲು ಹತ್ತು ತಿಂಗಳು ಬೇಕಾಯಿತು. ಆ ಹತ್ತು ತಿಂಗಳು ನನ್ನನ್ನು ಕೈ ಹಿಡಿದು ನಡೆಸಿದವರಿಗೆ ಎರಡು ಮಾತು ಹೇಳಬೇಕು. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಮನಸ್ಸು ತುಂಬಿದಾಗ ನನ್ನ ಬಾಯಿಗೆ ಬರುವುದು ಕನ್ನಡವೇ.

ಫೆಬ್ರವರಿ 5ರ ಸೋಮವಾರ ಇಲ್ಲಿ ಹಿಮ ಬಿತ್ತು. ಟೋಕಿಯೋದ ನಡುಭಾಗದಲ್ಲೇ 8 ಸೆಂಟಿಮೀಟರ್. ನಾವಿರುವುದು ಪಶ್ಚಿಮದ ಅಂಚಿಗೆ, ಹಿನೊ ಊರಿನಲ್ಲಿ, ಆಸಾಕಾವಾ ಹೊಳೆಯ ಹತ್ತಿರ. ಮಗಳು ಸಂಜೆ ಅಂಗಳದಲ್ಲಿ ಹಿಮದ ಗೊಂಬೆ ಮಾಡಿದಳು. ರಾತ್ರಿ ಕರಗಿದ ನೀರು ಬೆಳಗಿನ ಜಾವಕ್ಕೆ ಮತ್ತೆ ಹೆಪ್ಪುಗಟ್ಟಿತ್ತು. ಮರುದಿನ ಕಸ ಹಾಕುವ ವಾರ. ಚೀಲ ಹಿಡಿದು ಇಳಿದವಳು ಕೊನೆಯ ಮೆಟ್ಟಿಲಲ್ಲಿ ಜಾರಿದೆ. ನಾನು ಶಿರಸಿ ಕಡೆಯ ಹಳ್ಳಿಯವಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಅಡಿಕೆ ಸೋಗೆ ಹಾಸಿಕೊಂಡು ಓಡಾಡಿ ಬೆಳೆದವಳು. ಜಾರುವ ನೆಲ ನನಗೆ ಗೊತ್ತು ಅಂದುಕೊಂಡಿದ್ದೆ. ಆದರೆ ಪಾಚಿ ಹಸಿರಾಗಿ ಕಾಣುತ್ತದೆ. ಆ ಐಸ್ ಕಣ್ಣಿಗೆ ಬೀಳಲೇ ಇಲ್ಲ.

ಎಡಗಾಲಿನ ಪಾದದ ಗಂಟಿನ ಹತ್ತಿರ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದರು. ಮೂರು ವಾರ ಆಸ್ಪತ್ರೆ. ಆಮೇಲೆ ಮನೆ. ಮನೆ ಅಂದರೆ ಲಿಫ್ಟ್ ಇಲ್ಲದ ಹಳೆ ಕಟ್ಟಡದ ಎರಡನೇ ಮಹಡಿ. ಏಪ್ರಿಲ್ ಕೊನೆಯವರೆಗೂ ನಾನು ಹೊರಗೆ ಕಾಲಿಟ್ಟದ್ದು ಆಸ್ಪತ್ರೆಗೆ, ಮತ್ತೆ ಒಂದೇ ಒಂದು ಸಲ ಮಗಳ ಶಾಲೆಗೆ.

ಮೊದಲ ಥ್ಯಾಂಕ್ಸ್ ಆಸ್ಪತ್ರೆಯ ಆ ನರ್ಸಮ್ಮನಿಗೆ. ಬೆಳಿಗ್ಗೆ ಬಂದವರು ಜ್ವರ ನೋಡುವ ಮೊದಲು ಪರದೆ ಸರಿಸುತ್ತಿದ್ದರು. "ಇವತ್ತು ಫುಜಿ ಕಾಣ್ತಿದೆ" ಅನ್ನುತ್ತಿದ್ದರು. ಕಾಣದ ದಿನ "ಇವತ್ತು ಮೋಡದ ಹಿಂದೆ ಇದೆ" ಅನ್ನುತ್ತಿದ್ದರು. ಇಲ್ಲ ಅಂತ ಒಂದು ದಿನವೂ ಹೇಳಲಿಲ್ಲ. ನಾನು ಮಲಗಿದಲ್ಲಿಂದ ಕತ್ತು ತಿರುಗಿಸಿದರೆ ಪಶ್ಚಿಮದ ಬೆಟ್ಟಸಾಲಿನ ಹಿಂದೆ ಬಿಳಿ ತುದಿ ಮಾತ್ರ ಕಾಣುತ್ತಿತ್ತು. ಊಟದ ತಟ್ಟೆ ಬರುವ ಹೊತ್ತಿಗೆ ಅದು ಮಂಜಿನಲ್ಲಿ ಕರಗಿ ಹೋಗಿರುತ್ತಿತ್ತು. ಆ ಹತ್ತು ನಿಮಿಷಕ್ಕಾಗಿ ನಾನು ಬೇಗ ಏಳಲು ಶುರು ಮಾಡಿದೆ.

ಆಸ್ಪತ್ರೆಗೆ ಮೊದಲು ಬಂದವರು ನಮ್ಮ ಕೆಳಮನೆ ಅಜ್ಜಿ. ಅವರಿಗೆ 78 ವರ್ಷ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಉಮೆ ಹೂವಿನ ಕೊಂಬೆ. ಉಮೆ ಅಂದರೆ ಚಳಿ ಬಿಡುವ ಮೊದಲೇ, ಎಲೆಗಿಂತ ಮುಂಚೆ ಅರಳುವ ಹೂವು. ಚೆರ್ರಿಗಿಂತ ತಿಂಗಳಿಗೂ ಮೊದಲು ಬರುತ್ತದೆ, ಚೆರ್ರಿಗಿಂತ ಪರಿಮಳ ಜಾಸ್ತಿ. ಕುಂಡದ ಗಿಡ ತರಬಾರದು, ಅದಕ್ಕೇ ಕೊಂಬೆ ತಂದೆ ಅಂದರು. ಯಾಕೆ ಅಂತ ಕೇಳಿದೆ. ಕುಂಡದ ಗಿಡ ಬೇರು ಬಿಡುತ್ತದೆ. ಜಪಾನಿ ಭಾಷೆಯಲ್ಲಿ ಬೇರು ಬಿಡುವುದಕ್ಕೂ ಹಾಸಿಗೆ ಹಿಡಿಯುವುದಕ್ಕೂ 'ನೆತ್ಸುಕು' ಅಂತ ಒಂದೇ ಉಚ್ಚಾರ. ಹಾಗಾಗಿ ಕಾಯಿಲೆಯವರನ್ನು ನೋಡಲು ಹೋಗುವಾಗ ಬೇರಿರುವ ಗಿಡ ಒಯ್ಯುವುದಿಲ್ಲ. ಎಂಟು ವರ್ಷ ಈ ದೇಶದಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಆ ಕೊಂಬೆಯನ್ನು ನೀರಿನ ಲೋಟದಲ್ಲಿ ಇಟ್ಟೆವು. ಐದು ದಿನ ಒಂದೊಂದೇ ಮೊಗ್ಗು ಬಿಚ್ಚಿತು.

ಮನೆಗೆ ಬಂದ ಮೇಲೆ ನನ್ನ ಲೋಕ ಒಂದು ಕಿಟಕಿಯಷ್ಟೇ ಆಯಿತು. ಎದುರಿಗೆ ಒಂದು ಕಾಕಿ ಹಣ್ಣಿನ ಮರ. ಹಣ್ಣೆಲ್ಲ ಕೊಯ್ದಾಗಿತ್ತು. ತುದಿಯಲ್ಲಿ ಒಣಗಿದ ಎರಡು ಮಾತ್ರ ಉಳಿದಿದ್ದವು. ಎಟುಕದೆ ಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಅದು ಬೇಕಂತಲೇ ಬಿಡುವುದಂತೆ. ಕಿಮಾಮೊರಿ ಅನ್ನುತ್ತಾರೆ, ಅಂದರೆ ಮರ ಕಾಯುವವನು. ಮುಂದಿನ ವರ್ಷವೂ ಚೆನ್ನಾಗಿ ಬಿಡಲಿ ಅಂತ ಒಂದೆರಡು ಹಣ್ಣು ಮರಕ್ಕೇ ಬಿಡುತ್ತಾರೆ. ಹಕ್ಕಿಗಳ ಪಾಲೂ ಆಯಿತು. ಅಜ್ಜಿ ಮೇಲೆ ಬಂದು ನಮ್ಮ ಬಾಲ್ಕನಿಯ ಕಂಬಿಗೆ ಅರ್ಧ ಮಾಡಿದ ಕಿತ್ತಳೆ ಸಿಕ್ಕಿಸಿ ಹೋದರು. ಸ್ವಲ್ಪ ಹೊತ್ತಿಗೇ ಮೆಜಿರೊ ಬಂದವು. ಹಸಿರು ಮೈ, ಕಣ್ಣ ಸುತ್ತ ಬಿಳಿ ಉಂಗುರ. ನಮ್ಮೂರಿನ ಬೆಳ್ಗಣ್ಣದ ಹತ್ತಿರದ ನೆಂಟ. ಒಂದು ನನ್ನ ಮೂಗಿನ ಹತ್ತಿರವೇ ಕೂತು ಕಿತ್ತಳೆ ಹೀರುತ್ತಿತ್ತು, ನಡುವೆ ಒಂದು ಗಾಜು ಅಷ್ಟೇ.

ಇನ್ನು ಬಾವುಟದ ಅಜ್ಜ. ಅವರ ವಿಷಯವನ್ನು ನಿಧಾನವಾಗಿ ಹೇಳಬೇಕು.

ಅವರು ಪಕ್ಕದ ಕಟ್ಟಡದವರು. ಕೆಲಸದಿಂದ ನಿವೃತ್ತರಾಗಿ ತುಂಬಾ ವರ್ಷ ಆಗಿದೆ. ಶಾಲೆ ಇರುವ ದಿನ ಬೆಳಿಗ್ಗೆ ಹಳದಿ ಬಾವುಟ ಹಿಡಿದು ರಸ್ತೆ ದಾಟುವಲ್ಲಿ ನಿಂತು ಮಕ್ಕಳನ್ನು ದಾಟಿಸುತ್ತಾರೆ. ಅದು ಮುಗಿದ ಮೇಲೆ ಕೊರಳಿಗೆ ದುರ್ಬೀನು ಹಾಕಿಕೊಂಡು ಹೊಳೆ ದಂಡೆಯಲ್ಲಿ ನಡೆಯುತ್ತಾರೆ. ನನಗೂ ಅವರಿಗೂ ಇದ್ದದ್ದು ತಲೆ ಬಾಗಿಸುವಷ್ಟು ಪರಿಚಯ. ಮಾರ್ಚ್ ತಿಂಗಳ ಮೊದಲ ವಾರ ನಮ್ಮ ಅಂಚೆ ಡಬ್ಬದಲ್ಲಿ ಒಂದು ಚೀಟಿ ಸಿಕ್ಕಿತು. ಹಳೆ ಕ್ಯಾಲೆಂಡರಿನ ಹಾಳೆಯನ್ನು ಅಂಗೈಯಷ್ಟಕ್ಕೆ ಕತ್ತರಿಸಿ, ಹಿಂದಿನ ಬಿಳಿ ಬದಿಯಲ್ಲಿ ಪೆನ್ಸಿಲಿನಿಂದ ಬರೆದದ್ದು. ನನಗೆ ಕಾಂಜಿ ಅಕ್ಷರ ಕಷ್ಟ ಅಂತ ಅವರಿಗೆ ಹೇಗೋ ಗೊತ್ತಾಗಿತ್ತು. ಎಲ್ಲವನ್ನೂ ಮಕ್ಕಳ ಅಕ್ಷರ ಹಿರಾಗಾನಾದಲ್ಲಿ, ದೊಡ್ಡದಾಗಿ, ಬಿಡಿಸಿ ಬಿಡಿಸಿ ಬರೆದಿದ್ದರು.

ಮೋಡ. ಕಾವಾಸೆಮಿ ಒಂದು, ಸೇತುವೆ ಕೆಳಗೆ. ಮೆಜಿರೊ ನಾಲ್ಕು, ಉಮೆ ಮರದಲ್ಲಿ.

ಅಷ್ಟೇ. ಹೆಸರೂ ಇಲ್ಲ, ಕಾಲು ಹೇಗಿದೆ ಅಂತ ಪ್ರಶ್ನೆಯೂ ಇಲ್ಲ. ಕಾವಾಸೆಮಿ ಅಂದರೆ ಮಿಂಚುಳ್ಳಿ. ನಮ್ಮ ತೋಟದ ಕೆರೆದಂಡೆಯಲ್ಲಿ ಕೂರುತ್ತಿದ್ದ ಚಿಕ್ಕ ನೀಲಿ ಮಿಂಚುಳ್ಳಿಯ ಜಾತಿಯೇ ಇಲ್ಲಿಯೂ ಇರುವುದು. ಆ ಚೀಟಿಯನ್ನು ನಾನು ಜೋರಾಗಿ ಕನ್ನಡದಲ್ಲಿ ಓದಿದೆ. ಮಿಂಚುಳ್ಳಿ ಒಂದು, ಬೆಳ್ಗಣ್ಣ ನಾಲ್ಕು. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ಮರುದಿನ ಇನ್ನೊಂದು ಚೀಟಿ. ಅದರ ಮರುದಿನ ಮತ್ತೊಂದು. ಮಳೆ ಬಂದ ದಿನ ಮಾತ್ರ ಇಲ್ಲ. ಒಂದು ದಿನ ಉಗುಯಿಸು ಹಕ್ಕಿ ಮೊದಲ ಸಲ ಕೂಗಿತು ಅಂತ ಬರೆದಿದ್ದರು. ಇನ್ನೊಂದು ದಿನ, ಇನ್ನೂ ಸರಿಯಾಗಿ ಕೂಗಲು ಬರುತ್ತಿಲ್ಲ, ಅಭ್ಯಾಸ ಮಾಡುತ್ತಿದೆ ಅಂತ. ಶಿಜುಕಾರ ಅನ್ನುವ ಚಿಕ್ಕ ಹಕ್ಕಿಯ ಬಗ್ಗೆ ಬರೆದ ಚೀಟಿ ಉದ್ದ ಇತ್ತು, ಎರಡೂ ಬದಿ. ತೊಶಿತಾಕಾ ಸುಜುಕಿ ಅನ್ನುವ ಜಪಾನಿ ವಿಜ್ಞಾನಿ ಈ ಹಕ್ಕಿಯ ಕೂಗನ್ನು ಕಾಡಿನಲ್ಲಿ ವರ್ಷಗಟ್ಟಲೆ ಕೇಳಿದವರು. ಎಚ್ಚರ ಅನ್ನುವ ಕೂಗು ಬೇರೆ, ಬನ್ನಿ ಅನ್ನುವ ಕೂಗು ಬೇರೆ. ಎರಡನ್ನೂ ಜೋಡಿಸಿ ಕೂಗಿದರೆ ಉಳಿದ ಹಕ್ಕಿಗಳು ಸುತ್ತ ನೋಡುತ್ತಾ ಹತ್ತಿರ ಬರುತ್ತವೆ. ಅದನ್ನೇ ಹಿಂದುಮುಂದು ಮಾಡಿ ಕೇಳಿಸಿದರೆ ಹಾಗೆ ಮಾಡುವುದು ಕಡಿಮೆ. 2016ರಲ್ಲಿ ಪ್ರಕಟವಾದ ಕೆಲಸ ಇದು. ಹಕ್ಕಿಗೂ ಮಾತಿನ ಕ್ರಮ ಇದೆ ಅಂತ ಆಯಿತಲ್ವಾ. ಚೀಟಿಯ ಕೊನೆಯಲ್ಲಿ ಅಜ್ಜ ಬರೆದಿದ್ದರು, ನಿಮ್ಮ ಕಿಟಕಿಯಿಂದಲೂ ಕೇಳಿಸುತ್ತದೆ. ನಿಜವಾಗಿ ಕೇಳಿಸಿತು. ಅಷ್ಟು ದಿನ ಸುಮ್ನೆ ಗಲಾಟೆ ಅಂದುಕೊಂಡಿದ್ದು ಅದೇ.

ಒಟ್ಟು 41 ಚೀಟಿ. ಎಲ್ಲವೂ ನನ್ನ ಹತ್ತಿರ ಇವೆ. ಅಕ್ಕ ಊರಿಂದ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದ್ದ ಡಬ್ಬ ತೊಳೆದು ಒಣಗಿಸಿ ಅದರಲ್ಲಿ ಇಟ್ಟಿದ್ದೇನೆ. ಕಾಗದಕ್ಕೆ ಈಗಲೂ ಇಂಗಿನ ವಾಸನೆ ಇದೆ.

ಕೊನೆಯ ಚೀಟಿ ಏಪ್ರಿಲ್ ತಿಂಗಳ ಕೊನೆಗೆ ಬಂತು. ಅದರಲ್ಲಿ ಹಕ್ಕಿಯ ಹೆಸರು ಇರಲಿಲ್ಲ. "ದಂಡೆಯಲ್ಲಿ ಬೆಂಚು ಇದೆ. ನಿಮ್ಮ ಮೆಟ್ಟಿಲಿನಿಂದ 320 ಹೆಜ್ಜೆ." ಅಜ್ಜ ನನಗೋಸ್ಕರ ನಡೆದು ಎಣಿಸಿ ಬಂದಿದ್ದರು. ಎರಡು ದಿನ ಬಿಟ್ಟು ಊರುಗೋಲು ಹಿಡಿದು ಹೊರಟೆ. ನಮ್ಮನೆಯವರು ಹಿಂದೆ, ಮಗಳು ಮುಂದೆ. ನನ್ನ ಹೆಜ್ಜೆ ಚಿಕ್ಕದು, 600 ದಾಟಿತು. ಬೆಂಚಿನ ಮೇಲೆ ಕೂತು ಹೊಳೆ ನೋಡಿದೆ. ಮಿಂಚುಳ್ಳಿ ಆವತ್ತು ಬರಲಿಲ್ಲ. ಬೂದು ಕೊಕ್ಕರೆ ಒಂದು ನಿಂತಿತ್ತು. ಅಷ್ಟು ಸಾಕಿತ್ತು.

ಅಜ್ಜ, ನೀವು ನನ್ನ ಕಾಲಿನ ಬಗ್ಗೆ ಒಂದು ಸಲವೂ ಕೇಳಲಿಲ್ಲ. ಮೊದಲು ನನಗೆ ಅದು ವಿಚಿತ್ರ ಅನ್ನಿಸಿತ್ತು. ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲರೂ ಚಳಿ ಅಲ್ವಾ, ಸೆಕೆ ಅಲ್ವಾ ಅಂತಲೇ ಮಾತಾಡುತ್ತಾರೆ, ಒಳಗಿನ ಮಾತು ಆಡುವುದೇ ಇಲ್ಲ ಅಂತ ನನಗೆ ಬೇಸರ ಇತ್ತು. ನಿಮ್ಮ ಚೀಟಿ ಬರುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅಮ್ಮ ಊರಿಂದ ಫೋನ್ ಮಾಡಿದರು. ನನ್ನ ಕಾಲಿನ ಸುದ್ದಿ ಕೇಳಿ ಅತ್ತು ಮುಗಿದಿತ್ತು ಅವರಿಗೆ. ಅಂದು ಅವರು ಹೇಳಿದ್ದು ಇಷ್ಟೇ. ಈ ಸಲ ಬಿಸಿಲು ವಿಪರೀತ, ತೋಟಕ್ಕೆ ನೀರು ಸಾಲುತ್ತಿಲ್ಲ, ಹಲಸಿನ ಮರದಲ್ಲಿ ಮಾತ್ರ ಕಾಯಿ ಚೆನ್ನಾಗಿ ನಿಂತಿದೆ. ಮಳೆಗಾಲದಲ್ಲಾದರೆ "ಮಳೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲಿಕ್ಕೂ ಬಿಡುವು ಕೊಡ್ತಿಲ್ಲ" ಅಂತ ಶುರು ಮಾಡುತ್ತಾರೆ. ಹದಿನೈದು ನಿಮಿಷ ಅದೇ ಮಾತು. ಫೋನ್ ಇಟ್ಟಾಗ ನನಗೆ ಅಮ್ಮನ ಪಕ್ಕ ಕೂತು ಎದ್ದ ಹಾಗಿತ್ತು. ಅಮ್ಮ ಮಳೆ ಬಿಸಿಲಿನ ಮಾತಾಡಿದರೆ ಅದು ಪ್ರೀತಿ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಮ್ಮ ಚೀಟಿ ನೋಡಿದ ಮೇಲೆ, ಎಂಟು ವರ್ಷ ಮೆಟ್ಟಿಲಲ್ಲಿ, ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ನನಗೆ ಚಳಿ ಅಲ್ವಾ ಅಂದವರ ಮುಖಗಳೆಲ್ಲ ನೆನಪಾದವು. ಅವರಿಗೆಲ್ಲ ನಾನು ಹೂಂ ಅಂತಷ್ಟೇ ಅಂದು ಮುಂದೆ ಹೋಗಿದ್ದೆ.

ಆ ವರ್ಷ ಚೆರ್ರಿ ಹೂವು ತಡ ಆಯಿತು. ಟೋಕಿಯೋದಲ್ಲಿ ಹವಾಮಾನ ಇಲಾಖೆಯವರು ಯಾಸುಕುನಿ ದೇವಾಲಯದ ಒಂದು ಗುರುತಿನ ಮರ ನೋಡುತ್ತಾರೆ. ಅದರಲ್ಲಿ ಐದಾರು ಹೂ ಬಿಚ್ಚಿದರೆ ಅರಳಿತು ಅಂತ ಘೋಷಣೆ. ಸಾಮಾನ್ಯವಾಗಿ ಮಾರ್ಚ್ 24ರ ಹೊತ್ತಿಗೆ. 2024ರಲ್ಲಿ ಮಾರ್ಚ್ 29. ಪೂರ್ತಿ ಅರಳಿದ್ದು ಏಪ್ರಿಲ್ 4ಕ್ಕೆ. ನನಗೆ ಈ ತಡವೇ ದೊಡ್ಡ ಉಪಕಾರ ಮಾಡಿತು. ಮಗಳು ಒಂದನೇ ಕ್ಲಾಸಿಗೆ ಸೇರುವ ದಿನ ಶಾಲೆಯ ಗೇಟಿನಲ್ಲಿ ಹೂವು ಇನ್ನೂ ಇತ್ತು. ಅವಳ ಗೆಳತಿಯ ಅಮ್ಮ ಗಾಲಿಕುರ್ಚಿ ಎಲ್ಲಿಂದಲೋ ಹೊಂದಿಸಿ ತಂದಿದ್ದರು. ಎರಡನೇ ಮಹಡಿಯಿಂದ ನಮ್ಮನೆಯವರ ಭುಜ ಹಿಡಿದು ಕೂತು ಕೂತು ಇಳಿದೆ. ಫೋಟೋದಲ್ಲಿ ನನ್ನ ಕಾಲಿನ ಪಟ್ಟಿಯ ಮೇಲೂ ಎಸಳು ಬಿದ್ದಿವೆ. ಆ ತಾಯಿ ಅದಕ್ಕೂ ಮೊದಲು ಎರಡು ತಿಂಗಳು ನನ್ನ ಮಗಳನ್ನು ತಮ್ಮ ಮಗುವಿನ ಜೊತೆ ಶಿಶುವಿಹಾರದಿಂದ ಕರೆದುಕೊಂಡು ಬಂದವರು. ನಾನು ಕ್ಷಮಿಸಿ ಅಂದಾಗಲೆಲ್ಲ, ಇಬ್ಬರು ಮಾತಾಡಿಕೊಂಡು ಬರುತ್ತಾರೆ, ನನಗೇ ಆರಾಮ ಅನ್ನುತ್ತಿದ್ದರು. ನಿಮಗೆ ನಾನು ಹೇಗೆ ಥ್ಯಾಂಕ್ಸ್ ಹೇಳಲಿ.

ಏಪ್ರಿಲ್ ಅಂದರೆ ಇಲ್ಲಿ ತಾಕೆನೊಕೊ ಕಾಲ. ನಮ್ಮ ಕಳಲೆ! ನಮ್ಮೂರಲ್ಲಿ ಕಳಲೆ ಮಳೆಗಾಲದ್ದು, ಇಲ್ಲಿ ವಸಂತದ್ದು. ಕೆಳಮನೆ ಅಜ್ಜಿಯ ನೆಂಟರ ಗುಡ್ಡದಲ್ಲಿ ಬಿದಿರುಮೆಳೆ ಇದೆಯಂತೆ. ಅಗೆಯದೆ ಬಿಟ್ಟರೆ ಅದು ಪಕ್ಕದ ಕಾಡನ್ನೇ ನುಂಗುತ್ತದೆ, ಹಾಗಾಗಿ ಅಗೆದು ಹಂಚುತ್ತಾರೆ. ಅಜ್ಜಿ ತಂದ ಕಳಲೆ ನನ್ನ ಮೊಣಕೈಯಷ್ಟು ದಪ್ಪ, ಮೇಲೆ ಕಂದು ರೋಮದ ಸಿಪ್ಪೆ, ಬುಡದಲ್ಲಿ ಒದ್ದೆ ಮಣ್ಣು. ನಮ್ಮಲ್ಲಿ ಹೆಚ್ಚಿ ನೀರಿಗೆ ಹಾಕಿ, ದಿನಾ ನೀರು ಬದಲಿಸಿ ಕಹಿ ತೆಗೆಯುತ್ತೇವೆ. ಇವರು ಸಿಪ್ಪೆ ಸಮೇತ ಅಕ್ಕಿ ತೌಡು, ಒಂದು ಒಣಮೆಣಸು ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ, ಅದೇ ನೀರಿನಲ್ಲಿ ಆರಲು ಬಿಡುತ್ತಾರೆ. ಅಜ್ಜಿ ನಮ್ಮ ಅಡುಗೆಮನೆಯಲ್ಲೇ ನಿಂತು ಬೇಯಿಸಿದರು. ನಾನು ಕುರ್ಚಿಯಲ್ಲಿ ಕೂತು ಕಾಯಿ ತುರಿದೆ. ಫ್ರೀಜರಿನ ತುರಿಯೂ ಇತ್ತು, ಆದರೆ ಅಂದು ಇಡೀ ಕಾಯಿ ಒಡೆಸಿದೆ. ಅರ್ಧ ಕಳಲೆ ಅವರ ಅನ್ನಕ್ಕೆ ಹೋಯಿತು. ಇನ್ನರ್ಧ ನನ್ನ ಪಲ್ಯಕ್ಕೆ, ಸಾಸಿವೆ ಉದ್ದಿನಬೇಳೆ ಒಗ್ಗರಣೆ ಹಾಕಿ. ಸಾಸಿವೆ ಸಿಡಿದಾಗ ಅಜ್ಜಿ ಬೆಚ್ಚಿ ಹಿಂದೆ ಸರಿದರು. ಆಮೇಲೆ ಪಲ್ಯವನ್ನು ಎರಡನೇ ಸಲ ಬಡಿಸಿಕೊಂಡರು. ಕಾಲು ಮುರಿದ ಮೇಲೆ ನಾನು ಇನ್ನೊಬ್ಬರಿಗೆ ಮಾಡಿ ಬಡಿಸಿದ ಮೊದಲ ಅಡುಗೆ ಅದು. ಅಷ್ಟು ದಿನ ಬರೀ ಪಡೆದುಕೊಳ್ಳುತ್ತಾ ಇದ್ದವಳಿಗೆ ಅದು ಎಷ್ಟು ದೊಡ್ಡದಾಗಿತ್ತು ಅಂತ ಅಜ್ಜಿಗೆ ಖಂಡಿತ ಗೊತ್ತಿತ್ತು. ಅದಕ್ಕೇ ಪಾತ್ರೆ ತೊಳೆಯಲೂ ನನಗೆ ಬಿಟ್ಟು ಹೋದರು.

ನಿಶಿಕಸಾಯಿಯ ಗೆಳತಿಯರೇ, ನಿಮ್ಮನ್ನು ಮರೆತಿಲ್ಲ. ತೋಝೈ ಲೈನಿನಲ್ಲಿ ನಗರದ ಆ ತುದಿಯಿಂದ ಹೊರಟು, ಚುಓ ಲೈನಿಗೆ ಬದಲಾಯಿಸಿ, ಒಂದೂವರೆ ಗಂಟೆ ಬಿಸಿಬೇಳೆಭಾತಿನ ಡಬ್ಬ ತೊಡೆ ಮೇಲೆ ಇಟ್ಟುಕೊಂಡು ಬಂದಿರಿ. ಇಲ್ಲಿನ ರೈಲಿನಲ್ಲಿ ವಾಸನೆ ಬಂದೀತು ಅಂತ ಮೂರು ಕವರ್ ಸುತ್ತಿದ್ದಿರಿ. ಬಂದವರು ಹರಟೆ ಹೊಡೆದು, ನನ್ನ ತಲೆಗೆ ಎಣ್ಣೆ ಹಚ್ಚಿ, ಮಗಳ ಶಾಲೆಯ ಚೀಲ, ಚಪ್ಪಲಿ ಚೀಲ ಎಲ್ಲಕ್ಕೂ ಹೆಸರು ಹೊಲಿದು ಹೋದಿರಿ. ಒಂದೊಂದು ಬಣ್ಣದ ಪೆನ್ಸಿಲಿಗೂ ಹೆಸರು ಅಂಟಿಸಬೇಕಿತ್ತು. ಅದನ್ನೂ ಬಿಡಲಿಲ್ಲ.

ಮೇ ತಿಂಗಳಲ್ಲಿ ಮೊದಲ ಸಲ ರೈಲು ಹತ್ತಿದೆ. ಸ್ಟೇಷನ್ನಿನ ಸೂರಿನ ಕೆಳಗೆ ತ್ಸುಬಾಮೆ ಗೂಡು ಕಟ್ಟಿತ್ತು. ಕವಲು ಬಾಲದ ಹಕ್ಕಿ, ಚಳಿಗಾಲ ತೆಂಕಣ ದೇಶಗಳಲ್ಲಿ ಕಳೆದು ವಸಂತಕ್ಕೆ ವಾಪಸ್ ಬರುತ್ತದೆ. ಗೂಡಿನ ಕೆಳಗೆ ಒಂದು ಕೊಡೆಯನ್ನು ಬಿಚ್ಚಿ ತಲೆಕೆಳಗಾಗಿ ತೂಗು ಹಾಕಿದ್ದರು, ಜನರ ಮೇಲೆ ಹಿಕ್ಕೆ ಬೀಳದಿರಲಿ ಅಂತ. ಪಕ್ಕದಲ್ಲಿ ಒಂದು ಬೋರ್ಡು. ಮರಿಗಳು ಹಾರುವವರೆಗೆ ದಯವಿಟ್ಟು ಸಹಕರಿಸಿ. ಊರುಗೋಲು ಊರಿಕೊಂಡು ಅದನ್ನು ಓದುತ್ತಾ ನಿಂತೆ. ಹಿಂದಿದ್ದವರು ಸದ್ದಿಲ್ಲದೆ ಬದಿಗೆ ಸರಿದು ಹೋದರು, ಒಬ್ಬರೂ ಅವಸರ ಮಾಡಲಿಲ್ಲ.

ಬೇಸಿಗೆ ಕಷ್ಟದ್ದೇ. ಮಳೆಗಾಲ ಜೂನ್ 21ಕ್ಕೆ ತಡವಾಗಿ ಶುರುವಾಗಿ ಜುಲೈ 18ಕ್ಕೆ ಮುಗಿಯಿತು. ಆಮೇಲೆ ಸುಡು ಬಿಸಿಲು. ಫಿಸಿಯೋಥೆರಪಿ ನಡೆಯುತ್ತಿತ್ತು. ರಜೆಯಲ್ಲಿ ಮಗಳು ಬೆಳಿಗ್ಗೆ 6:30ಕ್ಕೆ ಪಾರ್ಕಿಗೆ ರೇಡಿಯೋ ವ್ಯಾಯಾಮಕ್ಕೆ ಹೋಗುತ್ತಿದ್ದಳು. 1928ರಲ್ಲಿ ಶುರುವಾದದ್ದು ಅದು. ನಾನು ಬೆಂಚಿನಲ್ಲಿ ಕೂತು ಕೈಗಳನ್ನಷ್ಟೇ ಆಡಿಸುತ್ತಿದ್ದೆ. ಒಂದು ದಿನ ನೋಡಿದರೆ ನನ್ನ ಬೆಂಚಿನಲ್ಲಿ ಇನ್ನಿಬ್ಬರು ಅಜ್ಜಿಯಂದಿರು ಕೂತು ಮಾಡುತ್ತಿದ್ದರು. ಆಗಸ್ಟ್‌ನಲ್ಲಿ ಅಂಗಡಿಗಳಲ್ಲಿ ಅಕ್ಕಿ ಖಾಲಿಯಾಯಿತು. ಅಕ್ಕಿ ದೇಶದಲ್ಲಿ ಅಕ್ಕಿಯ ಕಪಾಟು ಬರಿದಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಳಮನೆಯಿಂದ ಎರಡು ಕಿಲೋ ಅಕ್ಕಿ ಮೇಲೆ ಬಂತು. ಬೇಡ ಅಂದರೂ ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಡಾಕ್ಟರು ಇನ್ನು ಕೋಲು ಬೇಡ ಅಂದರು. ಇಲ್ಲಿ ಕಾಯಿಲೆ ವಾಸಿಯಾದ ಮೇಲೆ ನೋಡಲು ಬಂದವರಿಗೆಲ್ಲ ಕಾಯಿಕಿ ಇವಾಯಿ ಅಂತ ಒಂದು ಉಡುಗೊರೆ ಕೊಡಬೇಕು. ಉಳಿಯುವ ವಸ್ತು ಕೊಡುವುದಿಲ್ಲ. ಸೋಪು, ಸಕ್ಕರೆ, ಸಿಹಿ, ಹೀಗೆ ಬಳಸಿ ಮುಗಿದು ಹೋಗುವಂಥದ್ದು. ಕಾಯಿಲೆಯೂ ಹಾಗೆಯೇ ಮುಗಿದು ಹೋಗಲಿ ಅಂತ. ಸೋಪು ಅಂದ ಕೂಡಲೇ ನನಗೆ ಹೊಳೆದದ್ದು ಒಂದೇ. ಅಕ್ಕನಿಗೆ ಹೇಳಿ ಮೈಸೂರ್ ಸ್ಯಾಂಡಲ್ ಸೋಪು ತರಿಸಿದೆ. ಕೆಳಮನೆ ಅಜ್ಜಿ ಡಬ್ಬ ತೆರೆದು ಮೂಗಿಗೆ ಹಿಡಿದರು. ಬ್ಯಾಕುದಾನ್ ಅಂದರು. ಶ್ರೀಗಂಧಕ್ಕೆ ಇಲ್ಲಿ ಹಾಗನ್ನುತ್ತಾರೆ. ದೇವಸ್ಥಾನದ ಊದುಕಡ್ಡಿಯ ಪರಿಮಳ ಅದು ಅವರಿಗೆ. ನಮ್ಮೂರ ಕಡೆ ಬೆಳೆಯುವ ಮರ ಅಂದೆ. ಅವರು ಸೋಪನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡರು. ನವೆಂಬರ್ ಕೊನೆಗೆ ಮೆಟ್ಟಿಲಲ್ಲಿ ಸಿಕ್ಕಾಗ, ಸೋಪು ಪೂರ್ತಿ ಮುಗಿಯಿತು, ಇನ್ನು ಬೆಟ್ಟಕ್ಕೆ ಹೋಗೋಣ ಅಂದರು.

ಹಾಗೆ ಹೊರಟದ್ದು ತಕಾವೊಗೆ. ಅರ್ಧ ದಾರಿ ಕೇಬಲ್ ಕಾರಿನಲ್ಲಿ, ಉಳಿದದ್ದು ನಡೆದು. ದಾರಿ ನಡುವೆ ಎರಡು ಹಾದಿ ಇದೆ. ಒಂದು 108 ಮೆಟ್ಟಿಲಿನದು, ಇನ್ನೊಂದು ಇಳಿಜಾರಿನ ಸುತ್ತುದಾರಿ. ಈ 108 ನಮಗೂ ಗೊತ್ತಿರುವ ಲೆಕ್ಕವೇ. ಅಜ್ಜಿ, ಮಗಳು ಮೆಟ್ಟಿಲು ಹತ್ತಿದರು. ನಾನು, ನಮ್ಮನೆಯವರು ಸುತ್ತಿ ಹೋದೆವು. ಮೇಪಲ್ ಎಲೆ ಇನ್ನೂ ಕೆಂಪಾಗಿತ್ತು. ತುದಿಗೆ ಹೋದಾಗ ಫುಜಿ ಎದುರಿಗೇ ಇತ್ತು, ಬಿಳಿ ತಲೆಯೊಂದಿಗೆ. 2024ರಲ್ಲಿ ಫುಜಿಯ ಮೊದಲ ಹಿಮ ಕಂಡಿದ್ದು ನವೆಂಬರ್ 7ಕ್ಕೆ. 1894ರಿಂದ ಲೆಕ್ಕ ಇಟ್ಟ ಮೇಲೆ ಇಷ್ಟು ತಡ ಆದದ್ದು ಅದೇ ಮೊದಲು. ಫುಜಿಯೂ ತಡ, ನೀನೂ ತಡ, ಇಬ್ಬರೂ ಬಂದಿರಲ್ಲ ಅಂದರು ಅಜ್ಜಿ.

ಬಾವುಟದ ಅಜ್ಜ ಬರಲಿಲ್ಲ. ಎರಡು ವಾರದಿಂದ ಅವರ ಬೆನ್ನು ಹಿಡಿದುಕೊಂಡಿದೆ. ಬಾವುಟ ಬೇರೆಯವರು ಹಿಡಿಯುತ್ತಿದ್ದಾರೆ. ಹೊಳೆ ದಂಡೆಗೂ ಹೋಗುವಂತಿಲ್ಲ. ಸಂಜೆ ಮನೆಗೆ ಬಂದವಳೇ ಹಳೆ ಕ್ಯಾಲೆಂಡರಿನ ಹಾಳೆ ಕತ್ತರಿಸಿದೆ. ಮಗಳ ಪೆನ್ಸಿಲ್ ತೆಗೆದುಕೊಂಡೆ. ಹಿರಾಗಾನಾದಲ್ಲಿ ದೊಡ್ಡದಾಗಿ ಬರೆದು ಅವರ ಅಂಚೆ ಡಬ್ಬಕ್ಕೆ ಹಾಕಿ ಬಂದೆ.

ಬಿಸಿಲು. ತಕಾವೊ. ಶಿಜುಕಾರ ಆರು. ಮೆಜಿರೊ ಎರಡು. ಫುಜಿ ಒಂದು.